ಮುನ್ನೂರು ಸಾಮಾನಿನ ನಿಯಮ, ನನ್ನದೊಂದು ಸುಳ್ಳು

ಕರಕುಶಲ ಮೇಳದ ಮಳಿಗೆಗಳನ್ನು ಹಂಚುವ ಮಾನ್ಯ ಅಧಿಕಾರಿಗಳೇ,

ಈ ಸಲದ ಮೇಳದಲ್ಲಿ ತಾವು ನನಗೆ ‘ಅಪ್ಪಟ ಕೈಕೆಲಸ’ ಎಂಬ ಪ್ರಮಾಣಪತ್ರ ದಯಪಾಲಿಸಿದ್ದೀರಿ. ಅದನ್ನು ಈ ಪತ್ರದ ಜೊತೆ ಹಿಂದಿರುಗಿಸುತ್ತಿದ್ದೇನೆ. ನನ್ನ ಮಳಿಗೆಯಲ್ಲಿದ್ದ ಮುನ್ನೂರ ಹತ್ತು ಮರದ ಸಾಮಾನುಗಳಲ್ಲಿ ನಾನು ಕೆತ್ತಿದ್ದು ತೊಂಬತ್ತು ಮಾತ್ರ. ಉಳಿದದ್ದೆಲ್ಲ ಕಾರ್ಖಾನೆಯ ಮಾಲು. ಮೋಸ ನನ್ನದೇ, ಅದರಲ್ಲಿ ತಮಗೆ ಪಾಲು ಕೊಡಲಾರೆ. ಆದರೆ ಮೋಸಕ್ಕೆ ಬೇಕಾದ ಅನುಕೂಲವನ್ನೂ ಕೊನೆಗೊಂದು ಚಪ್ಪಾಳೆಯನ್ನೂ ಒದಗಿಸಿದ್ದು ತಮ್ಮ ಕಚೇರಿ.

ಮೇಳಕ್ಕೆ ಆರು ವಾರವಿದ್ದಾಗ ತಮ್ಮ ಸುತ್ತೋಲೆ ಬಂತು. ಪ್ರತಿ ಮಳಿಗೆಯಲ್ಲಿ ಸದಾ ಕನಿಷ್ಠ ಮುನ್ನೂರು ವಸ್ತುಗಳಿರತಕ್ಕದ್ದು, ಖಾನೆ ಖಾಲಿ ಕಂಡುಬಂದಲ್ಲಿ ಮಳಿಗೆ ರದ್ದು, ಬೆಲೆಯು ತಾವು ಗೊತ್ತುಪಡಿಸಿದ ಮಿತಿಯನ್ನು ಮೀರತಕ್ಕದ್ದಲ್ಲ. ಒಂದು ಸೌಟು ಕೆತ್ತಲು ನನಗೆ ಅರ್ಧ ದಿನ ಬೇಕು. ತಮ್ಮ ಮಿತಿಯ ಬೆಲೆಗೆ ಮಾರಿದರೆ ಮರದ ಖರ್ಚು ಕಳೆದು ಉಳಿಯುವುದು ಒಂದು ಗಂಟೆಯ ಕೂಲಿ. ಮಿಕ್ಕ ಗಂಟೆಗಳನ್ನು ನಾನು ಯಾರಿಗೆ ದಾನ ಮಾಡುತ್ತಿದ್ದೇನೆ, ಸ್ವಾಮಿ? ಖಾನೆ ತುಂಬಿರಬೇಕು, ಬೆಲೆ ಇಳಿದಿರಬೇಕು, ಎಲ್ಲವೂ ಕೈಯಿಂದಲೇ ಆಗಿರಬೇಕು. ಒಬ್ಬನಿಗೆ ಎಷ್ಟು ಕೈಗಳಿರಬೇಕು ಎನ್ನುವುದನ್ನಷ್ಟೇ ಸುತ್ತೋಲೆ ತಿಳಿಸಲಿಲ್ಲ.

ಆಗಲೇ ಈ ಪತ್ರ ಬರೆಯಬೇಕಿತ್ತು. ಬರೆಯಲಿಲ್ಲ. ಸಗಟು ಅಂಗಡಿಗೆ ಹೋಗಿ ಇನ್ನೂರ ಇಪ್ಪತ್ತು ಸೌಟು, ಬೋಗುಣಿಗಳನ್ನು ತಂದೆ. ಸೈಕಲ್ ರಿಪೇರಿ ಅಂಗಡಿಯ ಹಿಂದಿನ ನಮ್ಮ ಒಂದೇ ಕಿಟಕಿಯ ಕೋಣೆಯಲ್ಲಿ ಕೂತು ಅವುಗಳ ಮಿರಮಿರ ಮಿಂಚುವ ವಾರ್ನಿಶ್ ಉಜ್ಜಿ ತೆಗೆಯತೊಡಗಿದೆ. ನನ್ನ ಜೊತೆ ಕೆಲಸ ಮಾಡುವವಳು ನನ್ನ ಅಕ್ಕ, ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಕೆತ್ತುತ್ತೇನೆ, ಅವಳು ಮರಳುಕಾಗದದಿಂದ ತಿಕ್ಕಿ, ಎಣ್ಣೆ ಸವರಿ ನುಣುಪು ಮಾಡುತ್ತಾಳೆ. ಬೇರೆ ಯಾರಿಗೂ ಕಾಣದ ಗೀರು ಅವಳ ಕಣ್ಣಿಗೆ ಬೀಳುತ್ತದೆ.

ನಾನು ಕಬ್ಬಿಣದ ಮುದ್ರೆ ಕಾಯಿಸುವುದನ್ನು ನೋಡಿ ಅಕ್ಕ ಕೇಳಿದಳು: “ಇದಕ್ಕೂ ನಿನ್ನ ಗುರುತು ಒತ್ತೀಯೇನೋ?”

“ಖಾನೆ ತುಂಬಬೇಕಲ್ಲಕ್ಕಾ. ಇದೊಂದ್ಸಲ.”

“ಖಾನೆ ತುಂಬತ್ತೆ ಬಿಡು,” ಅಂದಳು. ಅಷ್ಟೇ. ಆದರೆ ಆ ಸೌಟುಗಳಲ್ಲಿ ಒಂದನ್ನೂ ಅವಳು ಮುಟ್ಟಲಿಲ್ಲ.

ಮೇಳದ ಮೊದಲ ದಿನ ತಮ್ಮ ತಪಾಸಣೆಯವರು ಬಂದು, ಖಾನೆಗಳನ್ನು ಎಣಿಸಿ, “ಹಿಂಗಿರ್ಬೇಕು ನೋಡ್ರಿ ಮಳಿಗೆ ಅಂದ್ರೆ!” ಎಂದು ಬೆನ್ನು ತಟ್ಟಿದರು. ಒಂದು ಸೌಟನ್ನೂ ಕೈಗೆತ್ತಿಕೊಳ್ಳಲಿಲ್ಲ. ಪ್ರಮಾಣಪತ್ರ ಮಧ್ಯಾಹ್ನವೇ ಗೋಡೆಗೇರಿತು.

ಅದೇ ಸಂಜೆ ಟೀಚರಮ್ಮ ಬಂದರು. ನಿವೃತ್ತ ಶಿಕ್ಷಕಿ, ಆರು ವರ್ಷಗಳಿಂದ ನಮ್ಮ ಗಿರಾಕಿ. ಅವರದು ಎಡಗೈ. ಸುರಿಯುವ ಬಾಯಿ ಬಲಕ್ಕಿರುವ ಸೌಟೊಂದನ್ನು ಪ್ರತಿ ವರ್ಷ ಅವರಿಗೆಂದೇ ಕೆತ್ತಿಡುತ್ತಿದ್ದೆ. ಈ ವರ್ಷ ವಾರ್ನಿಶ್ ತೆಗೆಯುವ ಭರದಲ್ಲಿ ಅದಕ್ಕೆ ಪುರುಸೊತ್ತಾಗಿರಲಿಲ್ಲ. ಕಾರ್ಖಾನೆಯದೊಂದನ್ನು ಎತ್ತಿ, “ಇದು ಹೊಸ ನಮೂನೆ, ಎರಡೂ ಕೈಗೆ ಆಗತ್ತೆ” ಎಂದು ಕೊಟ್ಟೆ. ನನ್ನ ಮಾತು ನಂಬಿ, ತಿರುಗಿಸಿಯೂ ನೋಡದೆ ಚೀಲಕ್ಕೆ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ತಂದರು. ಬಿಸಿ ಅಡುಗೆಯಲ್ಲಿ ಅದ್ದಿದ ಕೂಡಲೇ ಉಜ್ಜಿದ ಮೇಲೂ ಒಳಗೆ ಉಳಿದಿದ್ದ ವಾರ್ನಿಶ್ ಹಪ್ಪಳಿಕೆಯಾಗಿ ಎದ್ದು, ಪಾತ್ರೆಯ ತುಂಬ ಬಣ್ಣದಂಗಡಿಯ ವಾಸನೆ ಹೊಡೆದಿತ್ತಂತೆ. ಅಡುಗೆಯಷ್ಟನ್ನೂ ಚೆಲ್ಲಿದ್ದರು. ಅವರು ಸಿಟ್ಟು ಮಾಡಲಿಲ್ಲ. “ಇದು ನಿಮ್ಮ ಕೆಲಸ ಅನ್ಸಲಿಲ್ಲಪ್ಪ. ಮೈಗೆ ಹುಷಾರಿರ್ಲಿಲ್ವಾ?” ಎಂದು ಕೇಳಿದರು.

ಪಕ್ಕದಲ್ಲಿ ನಾಲ್ಕು ಜನ ಗಿರಾಕಿಗಳು ಕಿವಿಯಾನಿಸಿ ನಿಂತಿದ್ದರು. ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ: “ಅದು ನಮ್ಮಕ್ಕ ಮಾಡಿದ್ದಮ್ಮ. ಅವಳಿಗೀಗ ಕಣ್ಣು ಸರಿಯಾಗಿ ಕಾಣ್ಸಲ್ಲ.”

ಅಕ್ಕ ನನ್ನ ಹಿಂದೆಯೇ ನಿಂತಿದ್ದಳು, ಎರಡು ಕೈಯಲ್ಲಿ ಎರಡು ಲೋಟ ಟೀ ಹಿಡಿದು. ಲೋಟಗಳನ್ನು ಕೆಳಗಿಟ್ಟು ಮುಂದೆ ಬಂದಳು. “ಹೂಂ ಕಣಮ್ಮ. ನನ್ನ ಕಣ್ತಪ್ಪು. ಬೇಜಾರು ಮಾಡ್ಕೋಬೇಡಿ,” ಅಂದಳು. ಟೀಚರಮ್ಮ ಅವಳ ತೋಳು ಸವರಿ, “ಅಯ್ಯೋ, ವಯಸ್ಸಾದ್ಮೇಲೆ ಎಲ್ರಿಗೂ ಆಗೋದೇ” ಎಂದು ಸಮಾಧಾನ ಹೇಳಿದರು. ನಾನು ಚಿಲ್ಲರೆ ಹುಡುಕುವ ನೆಪದಲ್ಲಿ ತಲೆ ಬಗ್ಗಿಸಿದೆ. ಭೂಮಿ ಬಾಯಿ ಬಿಡಲಿಲ್ಲ. ನನ್ನಂಥವರನ್ನು ಅದೂ ಬೇಡವೆನ್ನುತ್ತದೇನೋ.

ಮೂರನೆಯ ದಿನ ಕಾರ್ಖಾನೆಯ ಸಾಮಾನನ್ನೆಲ್ಲ ಮೂಟೆ ಕಟ್ಟಿಟ್ಟೆ. ಖಾನೆಗಳಲ್ಲಿ ಉಳಿದದ್ದು ನಲವತ್ತೊಂದು. ತಮ್ಮ ತಪಾಸಣೆಯವರು ಮತ್ತೆ ಬಂದರು.

“ಏನ್ರಿ, ಖಾನೆ ಖಾಲಿ?”

“ಅವು ನಾನು ಮಾಡಿದ್ದಲ್ಲ ಸಾರ್. ಅದಕ್ಕೇ ತೆಗೆದೆ.”

“ಅದನ್ನ ಯಾರು ಕೇಳಿದ್ರು? ಮಧ್ಯಾಹ್ನದೊಳಗೆ ತುಂಬ್ಸಿ.”

ತುಂಬಿಸಲಿಲ್ಲ. ಎರಡು ಗಂಟೆಗೆ ಮಳಿಗೆ ಮುಚ್ಚಿಸಿದರು. ಮಾನ್ಯರೇ, ಇದನ್ನು ದಯವಿಟ್ಟು ಎರಡು ಸಲ ಓದಿ. ಸುಳ್ಳು ತುಂಬಿದ್ದ ಮಳಿಗೆಗೆ ಪ್ರಮಾಣಪತ್ರ ಸಿಕ್ಕಿತು, ನಿಜ ಹೇಳಿದ ಮಳಿಗೆಗೆ ಬೀಗ ಬಿತ್ತು. ಇದನ್ನು ಕೈಕೆಲಸದ ಉದ್ಧಾರವೆಂದು ಯಾವ ವರದಿಯಲ್ಲಿ ಬರೆಯುತ್ತೀರಿ?

ಸಂಜೆ ಟೀಚರಮ್ಮನ ಮನೆ ಹುಡುಕಿಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, “ನನ್ನ ಹತ್ರ ಹೇಳಿದ್ರಿ, ಸರಿ. ನಿಮ್ಮಕ್ಕನ ಹತ್ರ ತಪ್ಪಾಯ್ತು ಅಂತ ಹೇಳಿದ್ರಾ?” ಅಂದರು. ಹೇಳಿರಲಿಲ್ಲ. ಹೊರಗಿನವರ ಮುಂದೆ ಬಾಯಿ ಬಿಡುವುದು ಸುಲಭ. ದಿನಾ ಎದುರು ಕೂತು ಕೆಲಸ ಮಾಡುವವಳ ಮುಂದೆ ನಾಲಿಗೆ ಏಳಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ.

ನನ್ನ ಒತ್ತಾಯ ದೊಡ್ಡದೇನಲ್ಲ. ಮುನ್ನೂರರ ನಿಯಮವನ್ನು ಇಂದೇ ಕಿತ್ತುಹಾಕಿ. ಹತ್ತೇ ಸೌಟು ಮಾಡಿದವನು ಹತ್ತನ್ನೇ ಇಟ್ಟು ಮಾರಲಿ, ತಗಲಿದ ಗಂಟೆಗಳನ್ನು ಚೀಟಿಯಲ್ಲಿ ಬರೆದು ತಾನೇ ಬೆಲೆ ಕಟ್ಟಲಿ, ಕೊಳ್ಳುವುದೂ ಬಿಡುವುದೂ ಗಿರಾಕಿಗೆ ಸೇರಿದ್ದು. ತಪಾಸಣೆಗೆ ಬರುವವರು ಖಾನೆ ಎಣಿಸುವ ಮೊದಲು ಒಂದು ಸಾಮಾನನ್ನಾದರೂ ಕೈಯಲ್ಲಿ ಹಿಡಿಯಲಿ. ಅರ್ಜಿಯಲ್ಲಿ ಕೆತ್ತಿದವನ ಹೆಸರಿನ ಕೆಳಗೆ, ಉಜ್ಜಿ ನುಣುಪು ಮಾಡಿದವಳ ಹೆಸರಿಗೂ ಒಂದು ಸಾಲು ಬಿಡಿ. ನನಗೆ ಎಷ್ಟು ವರ್ಷ ಮಳಿಗೆ ನಿರಾಕರಿಸಬೇಕೋ ನಿರಾಕರಿಸಿ, ತಕರಾರಿಲ್ಲ.

ಅಂಚೆಗೆ ಹಾಕುವ ಮೊದಲು ಇದನ್ನು ಅಕ್ಕನಿಗೆ ಓದಿ ಹೇಳಿದೆ. ಕೆಲಸ ನಿಲ್ಲಿಸದೆ ಕೇಳಿಸಿಕೊಂಡಳು. ಆಮೇಲೆ, “ಅವತ್ತು ಮಳಿಗೆ ಹಿಂದೆ ಹೋಗಿ ಅತ್ತಿದ್ದೆ ಕಣೋ. ಅದನ್ನೂ ಬರಿ,” ಅಂದಳು.

ಬರೆದಿದ್ದೇನೆ.

ಇಂತಿ ತಲೆ ತಗ್ಗಿಸಿ,
ತಮ್ಮ ಪಟ್ಟಿಯಲ್ಲಿ ಇನ್ನೂ ‘ಮಾದರಿ ಕುಶಲಕರ್ಮಿ’ ಎಂದಿರುವವನು