ಗೋಡೆ ಕಡೆ ಇಳಿದವರು

ಮನೆಯಿಂದ,
ಗುರುವಾರ ಸಂಜೆ

ನನ್ನ ಮುದ್ದು ಸೊಸೆಗೆ,

ಹೇಗಿದ್ದೀಯಮ್ಮಾ? ಕೆಮ್ಮು ಇಳಿಯಿತೇ? ಊರ ಮಕ್ಕಳಿಗೆಲ್ಲ ಗದರಿಸಿ ಔಷಧಿ ಕುಡಿಸುವ ನರ್ಸಮ್ಮ ತನ್ನ ಕೆಮ್ಮಿಗೆ ಮಾತ್ರ ಬಿಸಿನೀರು ಕುಡಿದು ಸುಮ್ಮನಾಗುತ್ತಾಳೆಂದು ನನಗೆ ಗೊತ್ತು. ಹಾಸ್ಟೆಲಿನಲ್ಲಿ ಆ ಕಿಟಕಿ ಪಕ್ಕದ ಮಂಚ ಬಿಟ್ಟು ಒಳಗಿನದಕ್ಕೆ ಹೋಗು ಎಂದಿದ್ದೆ, ಹೋದೆಯೋ ಇಲ್ಲವೋ? ನಾನು ಚೆನ್ನಾಗಿದ್ದೇನೆ. ಸೊಂಟ ಹಿಡಿದುಕೊಂಡಿದೆ, ಅಂಗೈ ಸಿಪ್ಪೆ ಸುಲಿದಿದೆ, ಅದರ ಕಥೆ ಆಮೇಲೆ. ಪುಟ್ಟಿ ಚೆನ್ನಾಗಿ ಉಣ್ಣುತ್ತಾಳೆ, ಜಡೆ ಹಾಕಿಸಿಕೊಳ್ಳಲು ಮಾತ್ರ ರಂಪ ಮಾಡುತ್ತಾಳೆ. ಈ ಭಾನುವಾರ ನಿನಗೆ ಡ್ಯೂಟಿ ಬಿದ್ದಿದೆ, ಬರುವುದಿಲ್ಲ ಎಂದು ಇನ್ನೂ ಅವಳಿಗೆ ಹೇಳಿಲ್ಲ. ಮೊನ್ನೆ ಪಕ್ಕದ ಮನೆಯವರು ನಿಮ್ಮಮ್ಮ ಎಲ್ಲಿ ಎಂದು ಕೇಳಿದ್ದಕ್ಕೆ, “ನಮ್ಮದು ಭಾನುವಾರದ ಅಮ್ಮ” ಅಂದಳು. ಅವರು ನಕ್ಕರು. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನ್ ಎತ್ತಿದರೆ ಸಾಕು, ನಿನ್ನ ಗಂಡ ಎಲ್ಲಿದ್ದರೂ ಬಂದು ಪಕ್ಕದಲ್ಲಿ ಕೂರುತ್ತಾನೆ. ಹಾಗಾಗಿ ಬರೆದು, ಬೆಳಗಿನ ರೈಲಿಗೆ ಹೋಗುವ ಟೈಲರಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಹರಿದು ಹಾಕು.

ನಿನ್ನ ಗಂಡನ ಪ್ರಯಾಣಿಕರ ಸಂಘದ ಹೆಸರು ಕೇಳಿದರೇ ನನಗೀಗ ವಾಕರಿಕೆ ಬರುತ್ತದೆ. ಅವನು ಅದರ ಕಾರ್ಯದರ್ಶಿ, ಔಷಧಿ ಅಂಗಡಿಯವರು ಅಧ್ಯಕ್ಷರು, ಉಳಿದವರು ಖುರ್ಚಿ ತುಂಬಿಸುವವರು. ನಿನಗೆ ಗೊತ್ತಿಲ್ಲದ್ದೇನೂ ಅಲ್ಲ, ಆದರೂ ಇನ್ನೊಮ್ಮೆ ಹೇಳಿದರೆ ನನ್ನ ಹೊಟ್ಟೆಯುರಿ ಸ್ವಲ್ಪ ಇಳಿಯುತ್ತದೆ. ನಮ್ಮ ಸ್ಟೇಷನ್ನಿನಲ್ಲಿ ರೈಲು ಇಳಿದವರು ಪ್ಲಾಟ್‌ಫಾರಂ ಕಡೆ ಇಳಿದು, ಮೇಲ್ಸೇತುವೆ ಹತ್ತಿ, ಗೇಟು ದಾಟಿ ಬರಬೇಕು. ಯಾವನಾದರೂ ಹಾಗೆ ಬಂದದ್ದನ್ನು ನೋಡಿದ್ದೀಯಾ? ಎಲ್ಲರೂ ಗೋಡೆ ಕಡೆಯ ಬಾಗಿಲಿನಿಂದ ಜಲ್ಲಿಯ ಮೇಲೆ ಧುಮುಕಿ, ಹಳಿ ದಾಟಿ, ಗೋಡೆಯ ಕಿಂಡಿಯಲ್ಲಿ ನುಸುಳಿ, ನೇರ ನಮ್ಮ ಬೀದಿಗೆ ಬೀಳುವವರೇ. ಸೀರೆ ಎತ್ತಿಕಟ್ಟಿ ಧುಮುಕುವವರು, ಊಟದ ಡಬ್ಬಿ ಮೊದಲು ಎಸೆದು ಆಮೇಲೆ ತಾವು ಇಳಿಯುವವರು. ನೀನೇನು ಕಡಿಮೆಯೇ? ಪುಟ್ಟಿ ಹೊಟ್ಟೆಯಲ್ಲಿದ್ದಾಗಲೂ ಅಲ್ಲೇ ಇಳಿದವಳು, ನಾನು ಬೈದದ್ದಕ್ಕೆ “ಅತ್ತೆ, ಎಲ್ಲರೂ ಇಳೀತಾರಲ್ಲ” ಅಂದವಳು.

ಹಿಂದೊಮ್ಮೆ ರೈಲ್ವೆಯವರು ಆ ಕಿಂಡಿ ಮುಚ್ಚಲು ಬಂದಾಗ ನಿನ್ನ ಗಂಡ ಅದಕ್ಕೆ ಅಡ್ಡ ಮಲಗಿದನಲ್ಲ, ಅವರು ಇಟ್ಟಿಗೆ ಹೊತ್ತುಕೊಂಡು ವಾಪಸ್ ಹೋದರಲ್ಲ, ಇವನಿಗೆ ಹಾರ ಹಾಕಿದರಲ್ಲ. ಆ ಫೋಟೋ ಇವತ್ತಿಗೂ ನಮ್ಮ ಟಿವಿಯ ಮೇಲೆ ನೇತಾಡುತ್ತಿದೆ. ದಿನಾ ಅದರ ಧೂಳು ಒರೆಸುವವಳು ನಾನು. ಸಂಘ ಹುಟ್ಟಿದಾಗಿನಿಂದ ಸಾಧಿಸಿದ್ದು ಅದೊಂದೇ, ಒಂದು ತೂತು.

ಆಮೇಲೆ ಕೊನೆಯ ರೈಲಿಗೆ ಜನ ಇಳಿಯುತ್ತಾರೋ ಇಲ್ಲವೋ ಎಂದು ಎಣಿಸಲು ರೈಲ್ವೆಯವರು ಇಬ್ಬರು ಬಂದು ಗೇಟಿನ ಹತ್ತಿರ ಖುರ್ಚಿ ಹಾಕಿ ಕೂತರು. ಕೂತವರಿಗೆ ಕಣ್ಣಿರಲಿಲ್ಲವೇ? ಎದುರಿಗೇ ಇಡೀ ರೈಲು ಆ ಬದಿಗೆ ಖಾಲಿಯಾಗುತ್ತಿತ್ತು. ನೋಡಿದರು, ಆಕಳಿಸಿದರು, ಎದ್ದು ಹೋದರು. ಆಮೇಲೆ ಬಂದ ಆದೇಶದಲ್ಲಿ, ಸದರಿ ನಿಲ್ದಾಣದಲ್ಲಿ ಪ್ರಯಾಣಿಕರು ಇಳಿಯುತ್ತಿಲ್ಲವೆಂದು ಕಂಡುಬಂದಿರುತ್ತದೆ, ಆದ್ದರಿಂದ ಕೊನೆಯ ರೈಲಿನ ನಿಲುಗಡೆಯನ್ನು ರದ್ದುಪಡಿಸಲಾಗಿದೆ ಎಂದಿತ್ತು. ಕಂಡುಬಂದಿರುತ್ತದಂತೆ! ಕಂಡದ್ದನ್ನು ಕಾಣಲಿಲ್ಲ ಎನ್ನುವುದಕ್ಕೆ ಇವರಿಗೆ ಸಂಬಳ.

ಉಳಿದವರು ಹೇಗೋ ಸುಧಾರಿಸಿಕೊಂಡರು. ಅಂಗಡಿಯವರು ಬೇಗ ಬೀಗ ಹಾಕುತ್ತಾರೆ, ಟೈಲರಮ್ಮ ಹೊಲಿಗೆ ಅಂಗಡಿ ಯಜಮಾನರ ಕಾಲು ಹಿಡಿದು ಅರ್ಧ ತಾಸು ಮುಂಚೆ ಹೊರಟು, ಮೊದಲಿನ ರೈಲಿನಲ್ಲಿ ನೇತಾಡಿಕೊಂಡು ಬರುತ್ತಾಳೆ. ನೀನು ಯಾವ ಮಗುವಿನ ಕೈಯಲ್ಲಿ ಸೂಜಿ ಅರ್ಧ ಬಿಟ್ಟು ಓಡಿಬರುತ್ತೀ? ಹೋಗಲು ರೈಲುಂಟು, ಬರಲು ಇಲ್ಲ. ಹಾಸ್ಟೆಲು ಸೇರಿದೆ. ಈಗ ಆಸ್ಪತ್ರೆಯವರು ಕ್ವಾರ್ಟರ್ಸ್ ಕೊಡುತ್ತೇವೆ, ಈ ತಿಂಗಳೊಳಗೆ ಸಹಿ ಹಾಕಿ ಎನ್ನುತ್ತಿದ್ದಾರಂತೆ, ಹಾಕಿದರೆ ಪುಟ್ಟಿಯನ್ನೂ ಕರೆದುಕೊಂಡು ಹೋಗುತ್ತೀಯಂತೆ. ನೀನು ನನಗೆ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲವೆಂದು ಗೊತ್ತು, ಕೋಪವಿಲ್ಲ. ನಿನ್ನ ಗಂಡ ಊಟದ ತಟ್ಟೆ ನೋಡಿಕೊಂಡು, “ಅಭ್ಯಾಸ ಆಗುತ್ತೆ ಬಿಡಮ್ಮ” ಅಂದ. ಅವನಿಗಾಗಬಹುದು. ನನಗೆ ಈ ಮನೆಯಲ್ಲಿ ನೀವಿಬ್ಬರೂ ಬೇಕು. ಇದನ್ನು ಎದುರಿಗೆ ಹೇಳುವ ಅಭ್ಯಾಸ ನನಗಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಸಂಘದವರು ಇಸ್ತ್ರಿ ಅಂಗಿ ಹಾಕಿಕೊಂಡು ದೊಡ್ಡ ಕಚೇರಿಗೆ ಹೋಗಿಬಂದರು. ಅಲ್ಲಿನ ಸಾಹೇಬರು ಒಳ್ಳೆಯ ಕಪ್ಪಿನಲ್ಲಿ ಟೀ ಕೊಟ್ಟು, “ಗೋಡೆ ಕಡೆ ಇಳಿದವರು ನಮ್ಮ ಪ್ರಕಾರ ಇಳಿದೇ ಇಲ್ಲ” ಅಂದರಂತೆ. ಇವರು ಟೀ ಕುಡಿದರು. ಒಬ್ಬನಾದರೂ ಕಪ್ಪು ಕೆಳಗಿಟ್ಟು, ಹಾಗಾದರೆ ಗೋಡೆ ಕಡೆ ಇಳಿದ ನಮ್ಮ ಮನೆ ಹೆಂಗಸರು ಗಾಳಿಯಲ್ಲಿ ಮಾಯವಾದರೇ ಎಂದು ಕೇಳಿದನೇ? ಇಲ್ಲ. ಸಾಹೇಬರ ಜೊತೆ ಫೋಟೋ ತೆಗೆಸಿಕೊಂಡು, ಗೆದ್ದು ಬಂದವರಂತೆ ಬಂದರು. ಗೆದ್ದದ್ದು ಇಷ್ಟು. ಬರುವ ಸೋಮವಾರದಿಂದ ಒಂದು ವಾರ ಕೊನೆಯ ರೈಲು ಇಲ್ಲಿ ನಿಲ್ಲುತ್ತದೆ. ಗೇಟಿನಲ್ಲಿ ಮತ್ತೆ ಎಣಿಸುತ್ತಾರೆ. ಜನ ಕಂಡರೆ ನಿಲುಗಡೆ ಉಳಿಯಿತು, ಕಾಣದಿದ್ದರೆ ಇನ್ನು ಅರ್ಜಿಯನ್ನೂ ತೆಗೆದುಕೊಳ್ಳುವುದಿಲ್ಲವಂತೆ.

ಅದಕ್ಕೆ ಮಂಗಳವಾರ ನಮ್ಮ ಹಾಲ್‌ನಲ್ಲೇ ಸಭೆ. ಟೈಲರಮ್ಮ ಒಬ್ಬಳು ಎದ್ದು, ಈ ಒಂದು ವಾರ ಕಿಂಡಿ ಮುಚ್ಚೋಣ, ಎಲ್ಲರೂ ಗೇಟಿನಿಂದಲೇ ಬರುತ್ತಾರೆ ಅಂದಳು. ಅವಳ ಮೇಲೆ ಮುಗಿಬಿದ್ದದ್ದು ನೋಡಬೇಕಿತ್ತು! “ಹೋರಾಡಿ ಪಡೆದ ದಾರಿ ಕಣಮ್ಮಾ ಅದು” ಎಂದು ಅಧ್ಯಕ್ಷರು. “ನನಗೆ ಮಂಡಿ ನೋವು, ಸೇತುವೆ ಹತ್ತೋಕಾಗಲ್ಲ” ಎಂದು ಕ್ಷೌರದಂಗಡಿಯವನು, ಜಲ್ಲಿಯ ಮೇಲೆ ಧುಮುಕುವಾಗ ಆ ಮಂಡಿಗೆ ಏನೂ ಆಗುವುದಿಲ್ಲ. “ನಾನೊಬ್ಬ ಈ ಕಡೆ ಇಳಿದರೆ ಏನ್ ಮಹಾ, ಉಳಿದೋರು ಹೋಗ್ತಾರಲ್ಲ” ಎಂದು ಮೇಷ್ಟ್ರು, ಅದಕ್ಕೆ ಉಳಿದವರೂ ತಲೆಯಾಡಿಸಿದರು. ನಿನ್ನ ಗಂಡ ಏನಾದರೂ ಅಂದಾನೆಂದು ಬಾಗಿಲಲ್ಲೇ ನಿಂತು ಕಾದೆ. ಅವನು ಒಮ್ಮೆ ಟಿವಿಯ ಮೇಲಿನ ಫೋಟೋ ನೋಡಿದ, ಒಮ್ಮೆ ನೆಲ ನೋಡಿದ, “ಸ್ವಯಂಪ್ರೇರಣೆಯಿಂದ ಗೇಟು ಬಳಸಬೇಕಾಗಿ ವಿನಂತಿ” ಎಂದು ನಿರ್ಣಯ ಬರೆದುಕೊಂಡ. ಹೆಂಡತಿ ಹಾಸ್ಟೆಲಿನಲ್ಲಿ ಕೆಮ್ಮುತ್ತಿದ್ದಾಳೆ, ಇವನಿಗೆ ಸ್ವಯಂಪ್ರೇರಣೆ. ಥೂ! ಹೆತ್ತವಳು ನಾನೇ, ಬೇರೆಯವರ ಮಗನಾಗಿದ್ದರೆ ಇನ್ನೂ ಚೆನ್ನಾಗಿ ಬೈಯಬಹುದಿತ್ತು. ಅವರು ಕುಡಿದಿಟ್ಟ ಲೋಟಗಳನ್ನು ಮುಟ್ಟಲೂ ಹೇಸಿಗೆಯಾಯಿತು, ಅವನಿಂದಲೇ ತೊಳೆಸಿದೆ.

ಇನ್ನೊಂದು ಸುದ್ದಿ. ನಿನ್ನೆ ಸಂಜೆ ಮೊದಲಿನ ರೈಲಿನವರು ಎಂದಿನಂತೆ ಧುಮುಕಿ, ಹಳಿ ದಾಟಿ ಬಂದು ನೋಡಿದರೆ ಕಿಂಡಿಯೇ ಇಲ್ಲ! ಇಟ್ಟಿಗೆ ಇಟ್ಟು, ಗಾರೆ ಬಳಿದು ಅಚ್ಚುಕಟ್ಟಾಗಿ ಮುಚ್ಚಿದೆ. ಎಲ್ಲರೂ ಶಾಪ ಹಾಕುತ್ತ ಮತ್ತೆ ಹಳಿ ದಾಟಿ, ಏದುಸಿರು ಬಿಡುತ್ತ ಸೇತುವೆ ಹತ್ತಿ ಗೇಟಿನಿಂದ ಬಂದರು. ಮಂಡಿ ನೋವಿನವನೂ ಹತ್ತಿದ. ರೈಲ್ವೆಯವರ ಪಿತೂರಿ ಎಂದು ಸಂಘ ಕೊತಕೊತ ಕುದಿಯುತ್ತಿದೆ. ಆದರೆ ಗೋಡೆ ಒಡೆದಾರೆಂದು ನೀನು ಹೆದರಬೇಡ. ಮೊದಲು ಖಂಡನಾ ಸಭೆಯಂತೆ, ಆಮೇಲೆ ಮನವಿಯಂತೆ, ಉತ್ತರ ಬರದಿದ್ದರೆ ಹದಿನೈದು ದಿನ ಬಿಟ್ಟು ಧರಣಿಯಂತೆ. ಅಷ್ಟರಲ್ಲಿ ನಮ್ಮ ಆ ಒಂದು ವಾರ ಕಳೆದಿರುತ್ತದೆ. ಇವರ ಸೋಮಾರಿತನದ ಮೇಲೆ ನನಗೆ ಇಷ್ಟು ನಂಬಿಕೆ ಯಾವತ್ತೂ ಇರಲಿಲ್ಲ.

ಹೊತ್ತುಹೊತ್ತಿಗೆ ಉಣ್ಣು. ರಾತ್ರಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗು. ನಿನ್ನ ವಾರ್ಡಿನ ಮಕ್ಕಳೆಲ್ಲ ಬೇಗ ಗುಣವಾಗಿ ಅವರವರ ಅಮ್ಮಂದಿರ ಜೊತೆ ಮನೆ ಸೇರಲಿ. ನೀನೂ ಸೇರು. ನೂರು ಕಾಲ ಸುಖವಾಗಿರು ಮಗಳೇ.

ಇಂತಿ,
ನಿನ್ನ ಬಾಯಿಬಡುಕಿ ಅತ್ತೆ

ತಾ.ಕ.: ಕಾಗದ ಇಂದೇ ಇಸಿದುಕೊಳ್ಳಲು ಟೈಲರಮ್ಮ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಹೇಳುತ್ತೇನೆ. ಗೋಡೆ ಮುಚ್ಚಿದ್ದು ನಾನೇ. ಮೇಸ್ತ್ರಿಯ ಹೆಂಡತಿಯಾಗಿ ಅಷ್ಟು ವರ್ಷ ಗಾರೆ ಕಲಸಿದ್ದು ಮರೆತಿಲ್ಲ, ನಿನ್ನ ಮಾವನವರು ಗಾರೆ ಬಳಿಯುತ್ತಿದ್ದ ಕರಣೆಯೂ ತುಕ್ಕು ಹಿಡಿದಿಲ್ಲ. ಇಟ್ಟಿಗೆ ಬಚ್ಚಲ ಹಿಂದಿನವು. ಮಟಮಟ ಮಧ್ಯಾಹ್ನ ಮಾಡಿದೆ, ಸಂಘದ ಶೂರರೆಲ್ಲ ಕೆಲಸಕ್ಕೆ ಹೋಗಿರುವ ಹೊತ್ತು. ಸ್ಟೇಷನ್ ಮಾಸ್ಟರರು ನೋಡಿದರು. ಏನೂ ಕೇಳದೆ ಒಂದು ಬಕೆಟ್ ನೀರು ತಂದಿಟ್ಟು, ಬೆನ್ನು ತಿರುಗಿಸಿ ನಿಂತರು. ನಿನ್ನ ಗಂಡ ಈಗ ಹಾಲ್‌ನಲ್ಲಿ ಕೂತು ‘ಗೋಡೆ ಕಟ್ಟಿದವರಿಗೆ ಧಿಕ್ಕಾರ’ ಎಂದು ಬೋರ್ಡು ಬರೆಯುತ್ತಿದ್ದಾನೆ, ಅದಕ್ಕೊಂದು ಕೋಲು ಬೇಕೆಂದ, ಹುಡುಕಿ ಕೊಟ್ಟೆ. ಅವನಿಗೆ ಹೇಳಬೇಡ. ಆ ಒಂದು ವಾರ ಮುಗಿಯುವವರೆಗೆ ಕ್ವಾರ್ಟರ್ಸ್ ಕಾಗದಕ್ಕೆ ಸಹಿ ಹಾಕಬೇಡ. ಸೋಮವಾರ ಕೊನೆಯ ರೈಲಿಗೆ ಬಾ. ಪ್ಲಾಟ್‌ಫಾರಂ ಕಡೆ ಇಳಿ, ಸೇತುವೆ ಹತ್ತು, ಎಣಿಸುವವರ ಮೂಗಿನ ಮುಂದೆಯೇ ನಡೆದು ಬಾ. ಪುಟ್ಟಿಯನ್ನು ಎತ್ತಿಕೊಂಡು ಗೇಟಿನಲ್ಲಿ ನಿಂತಿರುತ್ತೇನೆ. ಸೋಮವಾರ ಕೂಡ ಅಮ್ಮ ಬರ್ತಾಳಾ ಎಂದು ಈಗಷ್ಟೇ ಕೇಳಿದಳು. ಬರ್ತಾಳೆ ಅಂದುಬಿಟ್ಟಿದ್ದೇನೆ.