ಮಲಗಿಸಿಟ್ಟ ಬರೋಲೊ

ನಾಟಿಂಗ್‌ಹ್ಯಾಮ್, ಶುಕ್ರವಾರ

ಅಪ್ಪಾಜಿ,

ನೀವು ಫೋನ್ ಎತ್ತುತ್ತಿಲ್ಲ. ಅದಕ್ಕೇ ತಂಗಿ ಇಂಚರಾ ಕೈಯಲ್ಲಿ ಈ ಕಾಗದ.

ಭಾನುವಾರ ಮಧ್ಯಾಹ್ನ ಲೂಕಾನ ಮನೆಯಲ್ಲಿ ನಮ್ಮ ನಿಶ್ಚಿತಾರ್ಥದ ಊಟ. ಅವನು ಹುಟ್ಟಿದ ವರ್ಷ ಅವನ ತಂದೆ ಇಟಲಿಯಿಂದ ಒಂದು ಬರೋಲೊ ವೈನ್ ತಂದು, ಈ ದಿನಕ್ಕೆಂದೇ ಮಲಗಿಸಿಟ್ಟಿದ್ದಾರೆ. ಅಷ್ಟು ಹಳೆಯ ಬಾಟಲಿಯನ್ನು ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಬೇಕು, ಗಸಿ ತಳಕ್ಕೆ ಕೂರಲಿ ಎಂದು. ನೀವು ಬರುತ್ತೀರೆಂದು ತಿಳಿದ ಮೇಲೆಯೇ ನಿಲ್ಲಿಸೋಣ ಎಂದು ಅವರು ಕಾಯುತ್ತಿದ್ದರು.

ನೀವು ಕುಡಿಯಬೇಕಿಲ್ಲ. ಅವರದೂ ಊಟದ ಜೊತೆ ಒಂದೇ ಗ್ಲಾಸು. ನೀವು ಬೆಳಿಗ್ಗೆ ಡಿಕಾಕ್ಷನ್ ಮೂಸುವ ಹಾಗೆ ಮೂಸಿ, ನಿಧಾನವಾಗಿ ಕುಡಿಯುತ್ತಾರೆ. ಹೋದ ಸಲ ಅವರು ನಿಮಗೆ ಬಗ್ಗಿಸಲು ಬಂದಾಗ ನೀವು ಗ್ಲಾಸನ್ನು ಬೋರಲು ಹಾಕಿ, "ಕುಡುಕರ ಮನೆ ಸಂಬಂಧ ನಮಗೆ ಬೇಡ" ಅಂದಿರಿ. ಕನ್ನಡದಲ್ಲಿ ಅಂದಿದ್ದರಿಂದ ಅವರಿಗೆ ಅರ್ಥವಾಗಲಿಲ್ಲ; ನಿಮಗೆ ಮಾತ್ರೆ ನಡೆಯುತ್ತಿದೆ ಎಂದು ಸುಳ್ಳು ಹೇಳಿ ಮುಚ್ಚಿದೆ. ಈ ಸಲ ಮುಚ್ಚುವುದಿಲ್ಲ.

ನೀವು ಬರುತ್ತೀರಾ ಎಂದು ಇವತ್ತು ಬೆಳಿಗ್ಗೆ ಅವರು ಮತ್ತೆ ಕೇಳಿದರು. ನಾನು ಬಾಟಲಿಯನ್ನು ನನ್ನ ಕೈಯಾರೆ ಎತ್ತಿ ನಿಲ್ಲಿಸಿದೆ. ನೀವು ಬಂದರೂ ಬಾರದಿದ್ದರೂ ಭಾನುವಾರ ಅದನ್ನು ತೆರೆಯುತ್ತೇವೆ.

ಅಮ್ಮನ ಪಕ್ಕ ನಿಮ್ಮ ಜಾಗ. ಅಲ್ಲಿನ ಗ್ಲಾಸಿಗೆ ಮೊದಲೇ ನೀರು ತುಂಬಿಸಿಟ್ಟಿರುತ್ತೇನೆ, ಬೋರಲು ಹಾಕಲಾಗದಂತೆ.

ನಿಮ್ಮ ಮಗಳೇ,
ಸಂಯುಕ್ತಾ