ಡಬ್ಬಿ ಮಹಾಪ್ರಭುಗಳು ತೆರೆದ ಕಿಟಕಿ

೧೧, ಸೋಮವಾರ, ಬೆಳಿಗ್ಗೆ

ಸಮಸ್ತ ಊಟದ ಮೇಜಿನ ಏಕಚ್ಛತ್ರಾಧಿಪತಿಗಳೂ, ಅಗ್ಗದ ಮಾಲಿನ ಕುಲತಿಲಕರೂ, ಸ್ವಿಚ್ ಒತ್ತಿದರೆ ಕೆಮ್ಮುವವರೂ ಆದ ಶ್ರೀಮದ್ ಡಬ್ಬಿ ಮಹಾಪ್ರಭುಗಳ ಪಾದಾರವಿಂದಗಳಲ್ಲಿ ಈ ದಾಸಾನುದಾಸಿಯ ವಿಜ್ಞಾಪನೆ: ಇವತ್ತಾದರೂ ಏಳಿ.

ಏಳಲಿಲ್ಲ.

ವಿಷಯ ಇಷ್ಟು. ಅಕ್ಕ ಕಾಲು ಮುರಿದುಕೊಂಡು ಮನೆಯಲ್ಲಿದ್ದಾಳೆ. ಅವಳ ಬಸ್ ನಿಲ್ದಾಣದ ಚಾವಣಿ — ಮೊದಲ ಸ್ವಂತ ನಕ್ಷೆ — ಆಫೀಸಿನ ದೊಡ್ಡ ಕಂಪ್ಯೂಟರಿನಲ್ಲಿದೆ. ಶುಕ್ರವಾರ ಸಾಹೇಬರಿಗೆ ಮುಗಿಸಿ ತೋರಿಸದಿದ್ದರೆ ಮೀಸೆಯ ಪಾಲು. ಮೀಸೆ ಎಂದರೆ ಅಲ್ಲಿನ ಸಹೋದ್ಯೋಗಿ. ಮೀಸೆ ಬಿಟ್ಟರೆ ಅವನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ನಾನು ಅಮ್ಮನ ಮುಂದೆ ಎದೆ ತಟ್ಟಿಕೊಂಡಿದ್ದೇನೆ: ಕೆಲಸ ಅಲ್ಲೇ ನಡೆಯಲಿ, ನಕ್ಷೆ ಕಾಣುವ ಕಿಟಕಿ ಮಾತ್ರ ಫೋನ್ ತಂತಿಯಲ್ಲಿ ಇಳಿದು ನಮ್ಮ ಈ ಅಗ್ಗದ ಕಂಪ್ಯೂಟರ್ ಡಬ್ಬಿಯ ಪರದೆ ಮೇಲೆ ತೆರೆಯುತ್ತದೆ. ಬಾಯಿ ನನ್ನ ಮಾತು ಕೇಳುತ್ತದೆ. ಡಬ್ಬಿ ಕೇಳುವುದಿಲ್ಲ.

೧೨, ಮಂಗಳವಾರ

ಎದ್ದಿತು. ಬೂದು ಪರದೆ, ನಡುವೆ ಒಂದು ಗುಣಿಸು ಚಿಹ್ನೆ. ಮತ್ತೇನೂ ಇಲ್ಲ. ಅಮ್ಮ ಬಗ್ಗಿ ನೋಡಿದಳು.

"ಇಷ್ಟಕ್ಕಾ ನಾವೆಲ್ಲ ತಟ್ಟೆ ತೊಡೆ ಮೇಲಿಟ್ಕೊಂಡು ತಿಂತಿರೋದು?"

ಅಪ್ಪನಿಗೆ ಪಾಠ ಮಾಡಿದೆ. ಇಲ್ಲಿ ಸರ್ವರ್, ಅಂದರೆ ಜಾಗ ಕೊಡುವ ಯಜಮಾನ, ನಮ್ಮ ಡಬ್ಬಿ. ಆಫೀಸಿನ ದೊಡ್ಡದು ಬರೀ ಗಿರಾಕಿ. ಕಿಟಕಿ ತೆರೆಯಲು ಜಾಗ ಕೇಳಿಕೊಂಡು ಬರುತ್ತದೆ.

"ಅಂದ್ರೆ ಆನೆ ಬಂದು ಇಲಿ ಮನೆ ಬಾಗಿಲು ತಟ್ಟುತ್ತೆ."

"ಹೂಂ. ಇಲಿ ಒಪ್ಪಿದ್ರೆ ಒಳಗೆ."

"ಬುದ್ಧಿ ಇರೋ ಇಲಿ ಒಪ್ಪಲ್ಲ ಕಣಮ್ಮ," ಎಂದು ಪೇಪರ್ ಬಿಡಿಸಿಕೊಂಡರು.

೧೩, ಬುಧವಾರ

ಆನೆಯನ್ನು ಕರೆದೆ. ಡಬ್ಬಿಯಲ್ಲಿ ಏನೂ ಇಲ್ಲ. ಮತ್ತೆ ಕರೆದೆ. ಮತ್ತೆ. ತಂತಿ ಕಿತ್ತು ಫೋನಿಗೆ ಸಿಕ್ಕಿಸಿದ್ದೇ ತಡ, ರಿಂಗಾಯಿತು. ಮೀಸೆ.

"ನಿಮ್ಮಕ್ಕನ ಚಾವಣಿ ನನ್ನ ಪರದೆ ಮೇಲೆ ಬಂದು ಕೂತಿದೆಯಲ್ಲಮ್ಮ. ಒಂದಲ್ಲ, ಮೂರು."

ಕಿಟಕಿ ಎಲ್ಲಿ ತೆರೆಯಬೇಕೆಂಬ ವಿಳಾಸ ಆಫೀಸಿನಲ್ಲಿ ಅಕ್ಕ ಕೂರುತ್ತಿದ್ದ ಜಾಗದ್ದೇ ಉಳಿದುಬಿಟ್ಟಿತ್ತು. ಅವಳು ಬಿದ್ದ ಮರುದಿನವೇ ಇವನು ಅಲ್ಲಿಗೆ ಬಂದು ಕೂತಿದ್ದಾನೆ.

"ಪರವಾಗಿಲ್ಲ ಬಿಡಿ. ಹೇಗೂ ಇಲ್ಲಿಗೇ ಬರೋದು ತಾನೇ," ಎಂದ.

ಅಕ್ಕನಿಗೆ ಕೇಳಿಸಿತು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ.

ಸಂಜೆ ವಿಳಾಸ ತಿದ್ದಿದೆ. ಬಂತು. ಗೆರೆ ಗೆರೆಯಾಗಿ, ಇಡೀ ಚಾವಣಿ, ನಮ್ಮ ಮೇಜಿನ ಮೇಲೆ. ಅಕ್ಕ ನನ್ನ ಕಿವಿ ಹಿಂಡಿದಳು, ಪ್ರೀತಿಯಿಂದ.

"ಕಿಡಿಗೇಡಿ ಆದ್ರೂ ಕೈ ಚುರುಕು ಕಣೇ ನಿಂದು."

೧೫, ಶುಕ್ರವಾರ, ಮಧ್ಯಾಹ್ನ

ಡಬ್ಬಿ ಮಹಾಪ್ರಭುಗಳಿಗೆ ಧಿಕ್ಕಾರ.

ಸಾಹೇಬರು ಆಫೀಸಿನಲ್ಲಿ ಕಾಯುತ್ತಿದ್ದರು. ಕಿಟಕಿ ಪರದೆ ತುಂಬ ತೆರೆಯಿತು. ಬಾಕಿ ಇದ್ದದ್ದು ಕೊನೆಯ ಸಾಲಿನ ಕಂಬಗಳು. ಅಕ್ಕ ಮೌಸ್ ಎಳೆದರೆ ಬಾಣ ಯೋಚನೆ ಮಾಡಿ ಹೊರಡುತ್ತಿತ್ತು. ಒಳಗೆ ಡಿಸ್ಕ್ ಕರಕರ ಕರಕರ — ಮರಳು ಅಗಿದ ಹಾಗೆ. ಬುಧವಾರ ಹೀಗಿರಲಿಲ್ಲ. ಮೆಮೊರಿ ಸಾಲದು ಎಂದು ಒಂದು ಸಾಲು ಮೂಡಿತು. ಆಮೇಲೆ ಪರದೆ ಕಲ್ಲಾಯಿತು.

ಇಲಿ ಸತ್ತರೆ ಆನೆಯೂ ಕೈಬಿಡುತ್ತದೆ. ಈ ವ್ಯವಸ್ಥೆ ಇರುವುದೇ ಹಾಗೆ. ಸೇವ್ ಮಾಡದ ಕಂಬಗಳೆಲ್ಲ ಹೋದವು.

ಸಾಹೇಬರು ಫೋನಿನಲ್ಲಿ ಮರ್ಯಾದೆಯಾಗಿಯೇ ಹೇಳಿದರು. "ನೀವು ಆರಾಮಾಗಿ ರೆಸ್ಟ್ ತಗೊಳ್ಳಿ. ಉಳಿದಿದ್ದು ಅವರು ನೋಡ್ಕೋತಾರೆ." ಅವರು ಎಂದರೆ ಮೀಸೆ.

ಅಕ್ಕ ಫೋನಿಟ್ಟು ನನ್ನ ಕಡೆ ತಿರುಗಿದಳು. "ನಿಂದೇನೂ ತಪ್ಪಿಲ್ಲ ಕಣೇ. ಅಗ್ಗದ್ದು, ಎಷ್ಟು ತಾನೇ ಹೊರುತ್ತೆ."

ಅಮ್ಮ ನನಗೆ ಒತ್ತಾಯ ಮಾಡಿ ಬಡಿಸಿದಳು. ಅಪ್ಪ ಡಬ್ಬಿಗೆ ಬೆನ್ನು ಹಾಕಿ ಕೂತರು.

೧೭, ಭಾನುವಾರ

ಡಬ್ಬಿಯಲ್ಲಿ ಜಿರಲೆಗಳಿದ್ದವು. ಗುರುವಾರ ನಾನೇ ಬಿಟ್ಟದ್ದು.

ನಿಜವಾದವಲ್ಲ. ಪುಟ್ಟ ಪ್ರೋಗ್ರಾಂ. ಕಿಟಕಿಯ ಅಡಿ ಅಡಗಿರುತ್ತವೆ; ಕಿಟಕಿ ಮುಚ್ಚಿದರೆ ಪರದೆ ತುಂಬ ಚದುರಿ ಓಡುತ್ತವೆ. ಅಕ್ಕ ಗೆದ್ದು ಕಿಟಕಿ ಮುಚ್ಚಬೇಕು, ಕಿರುಚಬೇಕು, ಮನೆಮಂದಿಯೆಲ್ಲ ನಗಬೇಕು. ಅಷ್ಟೇ ಇದ್ದದ್ದು. ಒಂದೊಂದೂ ಒಂದಿಷ್ಟು ಮೆಮೊರಿ ತಿನ್ನುತ್ತದೆ — ಗೊತ್ತಿತ್ತು. ಐವತ್ತು ಬಿಟ್ಟಿದ್ದೆ. ಅಲ್ಲ, ಇನ್ನೂರು.

ಇವತ್ತು ಅವನ್ನು ತೆಗೆದು ಚಾವಣಿಯ ಕಿಟಕಿ ತೆರೆದು ನೋಡಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಡೆಯಿತು.

ಊರುಗೋಲಿನ ಸದ್ದು. ಅಕ್ಕ ಬರುತ್ತಿದ್ದಾಳೆ. ಎರಡು ದಿನದಿಂದ ಯಾಕೇ ಮಂಕಾಗಿದ್ದೀಯ ಅಂತ ಕೇಳುತ್ತಾಳೆ. ಹೇಳಿಬಿಡಬೇಕು. ಮೊದಲು ಆ ಇನ್ನೂರರ ಲೆಕ್ಕ—